ಬಿಟ್ಟ ಕೊಳೆ ಎಲ್ಲಿಗೆ ಹೋಯಿತು?

ಅಲ್ಟ್ರಾಸಾನಿಕ್ ಯಂತ್ರದಲ್ಲಿ, ಅಂದರೆ ಕಿವಿಗೆ ಕೇಳಿಸದ ಸದ್ದಿನಿಂದ ನೀರನ್ನು ನಡುಗಿಸಿ ಕೊಳೆ ಬಿಡಿಸುವ ಟ್ಯಾಂಕಿನಲ್ಲಿ, ನಾನು ಮೊದಲು ತೊಳೆದ ಗ್ರಾಮಫೋನ್ ರೆಕಾರ್ಡ್, ತೊಳೆದ ಮೇಲೆ ಇನ್ನೂ ಜಾಸ್ತಿ ಚಿಟಿಗುಟ್ಟಿತು.

ಅದು ಬರೀ ಪಿಯಾನೋ ಇರುವ ರೆಕಾರ್ಡ್. ಹೊಸದಲ್ಲ, ಎಷ್ಟೋ ಕೈ ದಾಟಿ ನನ್ನ ಕೈಗೆ ಬಂದದ್ದು. ಜೋರಾಗಿ ನುಡಿಸುವ ಕಡೆ ಏನೂ ತಿಳಿಯುತ್ತಿರಲಿಲ್ಲ. ಮೆಲ್ಲಗೆ ನುಡಿಸುವ ಕಡೆ ಮಾತ್ರ, ಹಿಂದೆ ಯಾರೋ ಒಣ ಎಲೆ ತುಳಿದುಕೊಂಡು ಓಡಾಡುವ ಹಾಗೆ ಸದ್ದು. ಹತ್ತು ನಿಮಿಷ ನೀರಿನಲ್ಲಿ ತಿರುಗಿಸಿದೆ. ಹೊರಗೆ ತೆಗೆದು ನಿಲ್ಲಿಸಿ ಗಾಳಿಗೆ ಒಣಗಿಸಿದೆ. ನೋಡುವುದಕ್ಕೆ ಎಷ್ಟು ಚೆಂದ ಇತ್ತು ಅಂದರೆ, ಕಪ್ಪು ಕನ್ನಡಿಯೇ. ಆಸೆಯಿಂದ ಸೂಜಿ ಇಟ್ಟೆ. ಒಣ ಎಲೆಗಳು ಹೆಚ್ಚಾಗಿದ್ದವು. ಒಂದು ಬದಿ ಮುಗಿಯುವಷ್ಟರಲ್ಲಿ ಸೂಜಿಯ ತುದಿಗೆ ಬೂದು ಬಣ್ಣದ ಪುಟ್ಟ ಉಂಡೆಯೊಂದು ಅಂಟಿಕೊಂಡಿತ್ತು.

ಯಂತ್ರ ಕೆಟ್ಟದ್ದು ಅಂದುಕೊಂಡೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಆ ಉಂಡೆಯ ಬಗ್ಗೆಯೇ ಯೋಚಿಸುತ್ತಾ ಕೂತೆ. ಅದು ಎಲ್ಲಿಂದ ಬಂತು? ರೆಕಾರ್ಡಿನಿಂದಲೇ ಬಂದಿರಬೇಕು. ಅಂದರೆ ಯಂತ್ರ ತನ್ನ ಕೆಲಸ ಮಾಡಿತ್ತು. ವರ್ಷಗಟ್ಟಲೆ ಗಟ್ಟಿಯಾಗಿ ಕೂತಿದ್ದ ಕೊಳೆಯನ್ನು ರೆಕಾರ್ಡಿನ ಗೆರೆಗಳ ಗೋಡೆಯಿಂದ ಬಿಡಿಸಿತ್ತು. ಬಿಟ್ಟ ಕೊಳೆ ನೀರಿನಲ್ಲಿ ತೇಲುತ್ತಿತ್ತು. ರೆಕಾರ್ಡನ್ನು ಮೇಲೆತ್ತಿದಾಗ ಅದೇ ನೀರು ತೆಳ್ಳಗೆ ಮೈಮೇಲೆ ಉಳಿಯಿತು. ನೀರು ಆರಿತು, ಕೊಳೆ ಆರಲಿಲ್ಲ. ಸೋಪು ಹಚ್ಚಿದ ಬಟ್ಟೆಯನ್ನು ಜಾಲಾಡದೆ ಒಣಹಾಕಿದರೆ ಏನಾಗುತ್ತದೋ ಅದೇ ಆಗಿತ್ತು.

ಕೊಳೆ ಬಿಡಿಸುವುದು ಒಂದು ಕೆಲಸ. ಬಿಟ್ಟ ಕೊಳೆಯನ್ನು ಹೊರಗೆ ಸಾಗಿಸುವುದು ಇನ್ನೊಂದು ಕೆಲಸ. ಯಂತ್ರ ಕೊಳ್ಳುವಾಗ ನಾನು ಮೊದಲನೆಯದನ್ನು ಮಾತ್ರ ನೋಡಿದ್ದೆ. ಎಷ್ಟು ವಾಟ್, ಎಷ್ಟು ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ಕಂಪಿಸುತ್ತದೆ), ಎಷ್ಟು ಜೋರು. ಈಗ ಯಾರಾದರೂ ಯಾವ ಯಂತ್ರ ತಗೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಅದರಲ್ಲಿ ಬಿಟ್ಟ ಕೊಳೆ ಎಲ್ಲಿಗೆ ಹೋಗುತ್ತದೆ?

ಯಾವ ಜಾಗವನ್ನು ತೊಳೆಯುತ್ತಿದ್ದೇವೆ ಅನ್ನುವುದು ಮನಸ್ಸಿನಲ್ಲಿ ಇದ್ದರೆ ಉಳಿದದ್ದೆಲ್ಲ ಸುಲಭ. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ರೆಕಾರ್ಡ್, ತಂದಿತು. ಹಳೆಯ 78 ಸುತ್ತಿನ ತಟ್ಟೆಗಳಿಗಿಂತ ಅದರ ಗ್ರೂವ್ (ಸೂಜಿ ಓಡುವ ಕಾಲುವೆ) ತುಂಬಾ ಸಣ್ಣದು. ಮೈಕ್ರೋಗ್ರೂವ್ ಅನ್ನುವ ಹೆಸರು ಬಂದದ್ದೇ ಹಾಗೆ. ಒಂದು ಬದಿಯಲ್ಲಿರುವುದು ಒಂದೇ ಒಂದು ಗ್ರೂವ್, ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಸಾಗುತ್ತದೆ. 22 ನಿಮಿಷದ ಬದಿಯಾದರೆ 730ಕ್ಕೂ ಹೆಚ್ಚು ಸುತ್ತು. ಬಿಚ್ಚಿ ನೇರ ಮಾಡಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಉದ್ದ. ಅಗಲ ಮಾತ್ರ ಸುಮಾರು 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), ನಮ್ಮ ತಲೆಕೂದಲಿಗಿಂತ ಕಡಿಮೆ. ಸಂಗೀತ ಇರುವುದು ಆ ಓಣಿಯ ಎರಡು ಗೋಡೆಗಳ ಅಂಕುಡೊಂಕಿನಲ್ಲಿ. ಮೆಲುದನಿಯ ಕೆಲವು ಡೊಂಕುಗಳು ಒಂದು ಮೈಕ್ರಾನಿಗಿಂತಲೂ ಚಿಕ್ಕವು.

ಅಂಥ ಓಣಿಯಲ್ಲಿ ಏನೇನು ಸೇರಿಕೊಂಡಿರುತ್ತದೆ ನೋಡಿ. ಧೂಳು, ಬೆರಳಿನ ಜಿಡ್ಡು, ಹೊಗೆಯ ಪದರ, ಹಳೆಯ ಒಳಕವರಿನ ಕಾಗದದ ನಾರು, ಹಿಂದಿನವರು ಒರೆಸಿದ ಯಾವುದೋ ದ್ರಾವಣದ ಅಂಟು, ತೇವದಲ್ಲಿ ಇಟ್ಟಿದ್ದರೆ ಬೂಷ್ಟು. ಇದರ ಮೇಲೆ ಸೂಜಿ ಓಡುತ್ತದೆ. ಸೂಜಿಯ ಭಾರ ಎರಡು ಗ್ರಾಂ ಅಷ್ಟೇ. ಆದರೆ ಅದು ಗೋಡೆಗೆ ತಾಗುವ ಜಾಗ ಎಷ್ಟು ಚಿಕ್ಕದು ಅಂದರೆ, ಅಲ್ಲಿ ಬೀಳುವ ಒತ್ತಡ ಭಾರೀ ದೊಡ್ಡದು. ಧೂಳಿನ ಕಣವನ್ನು ಅದು ಗೋಡೆಗೆ ಒತ್ತುತ್ತಾ ಹೋಗುತ್ತದೆ. ಬಟ್ಟೆಯಿಂದ ಒರೆಸಿದರೆ ಓಣಿಯ ಮೇಲ್ಭಾಗ ಮಾತ್ರ ಶುಚಿಯಾಗುತ್ತದೆ. ಬ್ರಷ್ಷಿನ ಎಳೆಗಳೂ ಎಷ್ಟೋ ಸಲ ಗ್ರೂವ್‌ಗಿಂತ ದಪ್ಪ ಇರುತ್ತವೆ.

ಅಲ್ಟ್ರಾಸಾನಿಕ್ ಯಂತ್ರದಲ್ಲಿ ಉಜ್ಜುವ ಎಳೆಯೇ ಇಲ್ಲ. ಟ್ಯಾಂಕಿನ ತಳಕ್ಕೋ ಪಕ್ಕಕ್ಕೋ ಕೆಲವು ಸೆರಾಮಿಕ್ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ವಿದ್ಯುತ್ ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಈ ಪೀಜೋ ಗುಣದ ಮೂಲ 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದದ್ದರಲ್ಲಿದೆ. ಸೆಕೆಂಡಿಗೆ 40 ಸಾವಿರ ಸಲ ಹಿಗ್ಗಿ ಕುಗ್ಗಿದರೆ ನೀರಿನಲ್ಲಿ ಒತ್ತಡ ಏರುತ್ತಾ ಇಳಿಯುತ್ತಾ ಇರುತ್ತದೆ. ಒತ್ತಡ ಇಳಿದಾಗ ನೀರೇ ಸೀಳಿದಂತಾಗಿ ಸಣ್ಣ ಗುಳ್ಳೆ ಹುಟ್ಟುತ್ತದೆ. ಒತ್ತಡ ಏರಿದಾಗ ಗುಳ್ಳೆ ಕುಸಿಯುತ್ತದೆ. ಸುಮ್ನೆ ಮಾಯವಾಗುವುದಿಲ್ಲ, ಒಳಮುಖವಾಗಿ ಬಡಿದುಕೊಳ್ಳುತ್ತದೆ. ಪಕ್ಕದಲ್ಲಿ ಗೋಡೆ ಇದ್ದರೆ ಅತ್ತ ಕಡೆಗೆ ನೀರಿನ ಸಣ್ಣ ಚಿಮ್ಮು ಹೊಡೆಯುತ್ತದೆ. ಹಡಗಿನ ಕಂಚಿನ ಪ್ರೊಪೆಲರ್ ರೆಕ್ಕೆಗಳನ್ನು ತಿಂದುಹಾಕುವುದೂ ಇಂಥ ಗುಳ್ಳೆಗಳೇ. ಆ ಕಾಟದ ಹಿಂದಿನ ಲೆಕ್ಕವನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿ ಬರೆದರು. ಕಂಚನ್ನು ತಿನ್ನುವ ಶಕ್ತಿಯನ್ನು ಹದಕ್ಕೆ ತಂದು ನಾವು ಧೂಳು ಬಿಡಿಸುತ್ತಿದ್ದೇವೆ. ಇದನ್ನು ಓದಿದ ದಿನದಿಂದ ಆ ಟ್ಯಾಂಕಿನ ಬಗ್ಗೆ ನನಗೆ ಬೇರೆ ಥರದ ಗೌರವ ಬಂತು. ಇದು ಆಟದ ಸಾಮಾನಲ್ಲ.

ಕಿಲೋಹರ್ಟ್ಸ್ ವಿಷಯಕ್ಕೆ ಬರೋಣ. ಈ ಸಂಖ್ಯೆ ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು, ಏಟು ಜೋರು. ಸಂಖ್ಯೆ ಹೆಚ್ಚಾದಷ್ಟೂ ಗುಳ್ಳೆ ಚಿಕ್ಕದು, ಗುಳ್ಳೆಗಳು ಜಾಸ್ತಿ, ಏಟು ಮೆದು. ಲೆಕ್ಕದ ಪ್ರಕಾರ 40 ಕಿಲೋಹರ್ಟ್ಸ್‌ನಲ್ಲಿ ಗುಳ್ಳೆ ಸುಮಾರು 80 ಮೈಕ್ರಾನ್ ತ್ರಿಜ್ಯದವರೆಗೆ ಬೆಳೆಯುತ್ತದೆ. 120ರಲ್ಲಿ 27 ಮೈಕ್ರಾನ್ ಆಸುಪಾಸು. ಗ್ರೂವ್ ಅಗಲ 50 ಅಂತ ನೆನಪಿಟ್ಟುಕೊಂಡರೆ 120ರ ಯಂತ್ರ ಮಾಡಿದವರು ಯಾಕೆ ಆ ಸಂಖ್ಯೆಗೆ ಹೋದರು ಅನ್ನುವುದು ತಿಳಿಯುತ್ತದೆ. ಚಿಕ್ಕ ಗುಳ್ಳೆ ಗೋಡೆಗೆ ಇನ್ನಷ್ಟು ಹತ್ತಿರ ಕೆಲಸ ಮಾಡುತ್ತದೆ. ಎಲ್ಮಾ ಕಂಪನಿಯ ಎಲ್ಮಾಸೋನಿಕ್ ಪಿ ಸರಣಿಯಲ್ಲಿ 37 ಮತ್ತು 80 ಎರಡೂ ಇವೆ. ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ ತೊಳೆಯಬಹುದು.

ಹಾಗಂತ 40 ಕೆಲಸಕ್ಕೆ ಬರುವುದಿಲ್ಲ ಅಂತಲ್ಲ. ನನ್ನದು 40ರ ಟ್ಯಾಂಕೇ. ಹದವಾದ ನೀರು, ಹದವಾದ ಹೊತ್ತು, ಆಮೇಲೆ ಒಳ್ಳೆ ಜಾಲಾಟ ಇದ್ದರೆ ಅದು ತುಂಬಾ ಚೆನ್ನಾಗಿ ತೊಳೆಯುತ್ತದೆ. ಈ ಒಂದು ಸಂಖ್ಯೆಯನ್ನೇ ಹಿಡಿದು ಯಂತ್ರ ಆರಿಸುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 20–25 ಕಿಲೋಹರ್ಟ್ಸ್‌ನ ಕಾರ್ಖಾನೆ ಟ್ಯಾಂಕುಗಳನ್ನು ಮಾತ್ರ ರೆಕಾರ್ಡಿಗೆ ಬಳಸಬೇಡಿ. ಅವು ಲೋಹದ ಭಾಗಗಳಿಗೆ ಅಂತ ಮಾಡಿದವು.

ಮಾರುಕಟ್ಟೆಯಲ್ಲಿ ಎರಡು ಜಾತಿ ಇವೆ. ಮೊದಲನೆಯದರಲ್ಲಿ ರೆಕಾರ್ಡನ್ನು ಮೇಲಿನ ಸೀಳಿನಲ್ಲಿ ಇಳಿಸಿ ಗುಂಡಿ ಒತ್ತಿದರೆ ಸಾಕು. ತೊಳೆದು, ಫ್ಯಾನಿನಿಂದ ಒಣಗಿಸಿ ಕೊಡುತ್ತದೆ. ಎಸ್ಟೋನಿಯಾದ ಡಿಗ್ರಿಟರ್ 120 ಕಿಲೋಹರ್ಟ್ಸ್‌ನದು. ಕೊರಿಯಾದ ಕೆಎಲ್ ಆಡಿಯೊ 40ರದು, ಅದಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಸಾಕು ಅನ್ನುತ್ತಾರೆ. ಜರ್ಮನಿಯ ಆಡಿಯೊ ಡೆಸ್ಕ್ ಯಂತ್ರದಲ್ಲಿ ಸದ್ದಿನ ಜೊತೆಗೆ ಮೈಕ್ರೋಫೈಬರ್ ರೋಲರುಗಳೂ ತಿರುಗುತ್ತವೆ. ಹಮ್ಮಿಂಗುರು ಚಿಕ್ಕದು, ಹಗುರ, 40ರದು. ಎರಡನೆಯ ಜಾತಿ ಬರೀ ಟ್ಯಾಂಕ್. ಅದರ ಮೇಲೆ ಒಂದು ಮೋಟಾರು, ಒಂದು ಕಂಬಿ. ಕಂಬಿಗೆ ಎರಡು ಮೂರು ರೆಕಾರ್ಡ್ ಸಿಕ್ಕಿಸಿ ನಿಧಾನವಾಗಿ ತಿರುಗಿಸಬೇಕು. ಉಳಿದದ್ದೆಲ್ಲ ನಿಮ್ಮ ಕೈಕೆಲಸ.

ಎರಡಕ್ಕೂ ಅದೇ ಪ್ರಶ್ನೆ. ನೀರು ಎಷ್ಟು ಹಿಡಿಯುತ್ತದೆ? ಸೋಸುವ ಫಿಲ್ಟರ್ ಇದೆಯಾ? ಇದ್ದರೆ ಅದನ್ನು ತೆಗೆದು ತೊಳೆಯಲು, ಬದಲಾಯಿಸಲು ಆಗುತ್ತದಾ? ಸೋಪಿನ ನೀರು ತೆಗೆದು ಬರೀ ನೀರು ಹಾಕಿ ಇನ್ನೊಂದು ಸಲ ಓಡಿಸುವುದು ಎಷ್ಟು ಸುಲಭ? ಗುಂಡಿ ಒತ್ತುವ ಯಂತ್ರದ ದೊಡ್ಡ ಸುಖ ಅದರ ಫ್ಯಾನು. ನನಗೆ ಅನುಮಾನ ಇರುವುದೂ ಅಲ್ಲೇ. ಫ್ಯಾನು ನೀರನ್ನು ಆರಿಸುತ್ತದೆ. ನೀರಿನಲ್ಲಿ ಏನಿತ್ತೋ ಅದನ್ನು ರೆಕಾರ್ಡಿನ ಮೇಲೇ ಬಿಡುತ್ತದೆ. ಹಾಗಾಗಿ ಅಂಥ ಯಂತ್ರದಲ್ಲಿ ನೀರು ಶುಚಿಯಾಗಿರುವುದು ಇನ್ನೂ ಮುಖ್ಯ. ಡಿಗ್ರಿಟರ್‌ನಲ್ಲಿ ನೀರಿನ ಡಬ್ಬಿಯನ್ನೇ ಹೊರಗೆ ತೆಗೆಯಬಹುದು. ಒಂದು ಡಬ್ಬಿ ತೊಳೆಯಲು, ಇನ್ನೊಂದು ಜಾಲಾಡಲು ಅಂತ ಇಟ್ಟುಕೊಳ್ಳುವವರಿದ್ದಾರೆ. ನಿಜವಾಗಿ ಯೋಚನೆ ಮಾಡಿದವರ ಕೆಲಸ ಅದು.

ಬರೀ ಟ್ಯಾಂಕ್ ಕೊಳ್ಳುವವರು ಅಳತೆ ಪಟ್ಟಿ ಹಿಡಿದು ಕೂರಲೇಬೇಕು. ಎಲ್‌ಪಿಯ ಅಡ್ಡಳತೆ 30 ಸೆಂಟಿಮೀಟರ್, ಲೇಬಲ್‌ನದು 10. ಅಂಚಿನಿಂದ ಲೇಬಲ್‌ಗೆ 10 ಸೆಂಟಿಮೀಟರ್ ಉಳಿಯುತ್ತದೆ. ಗ್ರೂವ್ ಪೂರ್ತಿ ಮುಳುಗಬೇಕು, ಲೇಬಲ್ ನೆನೆಯಬಾರದು. ಅಂದರೆ ರೆಕಾರ್ಡ್ ಒಂಬತ್ತು, ಒಂಬತ್ತೂವರೆ ಸೆಂಟಿಮೀಟರ್ ಮುಳುಗಬೇಕು. ತಳಕ್ಕೆ ತಾಗದ ಹಾಗೆ ಕೆಳಗೆ ಇನ್ನೆರಡು ಬಿಡಿ. 6 ಲೀಟರಿನ ಟ್ಯಾಂಕುಗಳು ಹೆಚ್ಚಾಗಿ 30 ಸೆಂಟಿಮೀಟರ್ ಉದ್ದ, 15 ಅಗಲ, 15 ಆಳ ಇರುತ್ತವೆ. ಆಳ ಸಾಕು. ಉದ್ದದಲ್ಲಿ ಒಂದು ಮೋಸ ಇದೆ. ನೀರಿನ ಮಟ್ಟದಲ್ಲಿ ರೆಕಾರ್ಡ್ 28 ಸೆಂಟಿಮೀಟರ್ ಅಗಲ, ಸಲೀಸಾಗಿ ಹಿಡಿಸುತ್ತದೆ. ಆದರೆ ಟ್ಯಾಂಕಿನ ಬಾಯಿ ನೀರಿಗಿಂತ ಮೇಲಿದೆ. ಅಲ್ಲಿ ರೆಕಾರ್ಡ್ ಇನ್ನೂ ಅಗಲ, ಹೆಚ್ಚುಕಡಿಮೆ 30. ಎರಡೂ ಕಡೆ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಕಂಬಿ ಸ್ವಲ್ಪ ಓರೆಯಾದರೂ ಅಂಚು ಸ್ಟೀಲಿಗೆ ಉಜ್ಜುತ್ತದೆ. ರಟ್ಟಿನಲ್ಲಿ 30 ಸೆಂಟಿಮೀಟರಿನ ವೃತ್ತ ಕತ್ತರಿಸಿ ಮೊದಲು ಅದನ್ನು ಇಳಿಸಿ ನೋಡಿ. ಉದ್ದ ಇನ್ನೆರಡು ಸೆಂಟಿಮೀಟರ್ ಜಾಸ್ತಿ ಇರುವ ಟ್ಯಾಂಕ್ ಸಿಕ್ಕರೆ ಅದನ್ನೇ ತಗೊಳ್ಳಿ.

ಒಂದೇ ಸಲ ಐದಾರು ರೆಕಾರ್ಡ್ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ನೀರಿನಲ್ಲಿ 40 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ 3.7 ಸೆಂಟಿಮೀಟರ್. ರೆಕಾರ್ಡುಗಳ ನಡುವೆ ಹತ್ತಿರ ಹತ್ತಿರ ಅಷ್ಟು ಜಾಗ ಬೇಕು, ತೀರಾ ಕಡಿಮೆ ಅಂದರೂ ಎರಡೂವರೆ. ಒತ್ತೊತ್ತಾಗಿ ಇಟ್ಟರೆ ಒಳಗಿನ ಬದಿಗಳಿಗೆ ಸದ್ದು ತಲುಪುವುದೇ ಇಲ್ಲ. 15 ಸೆಂಟಿಮೀಟರ್ ಅಗಲದ ಟ್ಯಾಂಕಿಗೆ ಮೂರು ಸಾಕು. ಮೋಟಾರು ನಿಧಾನ ತಿರುಗಬೇಕು, ಒಂದು ಸುತ್ತಿಗೆ ಒಂದೆರಡು ನಿಮಿಷವಾದರೂ ಹಿಡಿಯುವಷ್ಟು. ಜೋರಾಗಿ ತಿರುಗಿಸಿದರೆ ನೀರು ಕಲಕಿ ಗುಳ್ಳೆಗಳ ಕೆಲಸ ಕೆಡುತ್ತದೆ.

ವಾಟ್ ನೋಡುವಾಗ ಒಂದು ಎಚ್ಚರಿಕೆ. ಹೀಟರಿನ ವಾಟ್ ಬೇರೆ, ಸದ್ದಿನ ವಾಟ್ ಬೇರೆ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಟ್ಯಾಂಕ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ತುಂಡನ್ನು ನೀರಿನಲ್ಲಿ ನೇರ ಇಳಿಬಿಟ್ಟು ಒಂದು ನಿಮಿಷ ಓಡಿಸಿ. ಹೊರಗೆ ತೆಗೆದರೆ ಮೈಯೆಲ್ಲ ಚುಕ್ಕಿ, ಅಲ್ಲಲ್ಲಿ ತೂತು. ಒಂದು ಕಡೆ ಮಾತ್ರ ತೂತಾಗಿ ಇನ್ನೊಂದು ಕಡೆ ನುಣ್ಣಗಿದ್ದರೆ ಟ್ಯಾಂಕಿನಲ್ಲಿ ಶಕ್ತಿ ಸಮವಾಗಿ ಹರಡುತ್ತಿಲ್ಲ ಅಂತ ಅರ್ಥ. ಫಾಯಿಲಿನ ಚೂರು ನೀರಿನಲ್ಲಿ ಉಳಿಯುತ್ತದೆ, ಆ ನೀರನ್ನು ಚೆಲ್ಲಿಬಿಡಿ. ತೂತು ಬಿದ್ದ ಆ ಫಾಯಿಲನ್ನು ನಾನು ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಇನ್ನು ಹತ್ತು ನಿಮಿಷ ಇರಲಿ ಅಂತ ಮನಸ್ಸಾದಾಗ ಅದನ್ನು ನೋಡುತ್ತೇನೆ. 40 ಕಿಲೋಹರ್ಟ್ಸ್‌ನಲ್ಲಿ ಐದರಿಂದ ಹತ್ತು ನಿಮಿಷದಲ್ಲಿ ಬಿಡದ ಕೊಳೆಗೆ ಹೊತ್ತು ಹೆಚ್ಚಿಸುವುದು ಮದ್ದಲ್ಲ.

ಈಗ ಬಿಸಿಯ ಮಾತು. ಇದರಲ್ಲಿ ನಾನು ಒಂದು ರೆಕಾರ್ಡ್ ಕಳೆದುಕೊಂಡಿದ್ದೇನೆ.

ಅವತ್ತು ಹೀಟರನ್ನು 35 ಡಿಗ್ರಿಗೆ ಇಟ್ಟಿದ್ದೆ. ಮೂರು ಮೂರರಂತೆ ರೆಕಾರ್ಡ್ ಹಾಕುತ್ತಾ ಮಧ್ಯಾಹ್ನವೆಲ್ಲ ತೊಳೆದೆ. ಹೀಟರ್ 35ಕ್ಕೆ ನಿಂತಿತ್ತು, ಸರಿ. ಆದರೆ ಸದ್ದೇ ನೀರನ್ನು ಬಿಸಿ ಮಾಡುತ್ತದೆ ಅನ್ನುವುದು ತಲೆಯಲ್ಲಿ ಇರಲಿಲ್ಲ. ನೀರಿಗೆ ಹೋದ ಶಕ್ತಿ ಕೊನೆಗೆ ಬಿಸಿಯಾಗಿಯೇ ಉಳಿಯಬೇಕಲ್ವಾ. ಕೊನೆಯ ಸಲ ಹಾಕಿದ್ದರಲ್ಲಿ ತೆಳ್ಳನೆಯ ಒಂದು ರೆಕಾರ್ಡ್ ಇತ್ತು. ತೆಗೆದು ಪ್ಲೇಯರಿನ ತಟ್ಟೆಯ ಮೇಲೆ ಇಟ್ಟು ತಿರುಗಿಸಿದಾಗ ಅಂಚು ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಹೋಯಿತು. ಥರ್ಮಾಮೀಟರ್ ಇಳಿಸಿ ನೋಡಿದರೆ ನೀರು 50 ದಾಟಿತ್ತು. ಆ ರೆಕಾರ್ಡ್ ನನಗೆ ಮತ್ತೆ ಸಿಕ್ಕಿಲ್ಲ.

ರೆಕಾರ್ಡ್ ಮಾಡುವುದು ಪಿವಿಸಿಯ ಒಂದು ಬೆರಕೆಯಿಂದ. 60 ಡಿಗ್ರಿಯ ಹತ್ತಿರ ಹೋದರೆ ಅದು ಮೆದುವಾಗತೊಡಗುತ್ತದೆ. ನೀರಿನಲ್ಲಿ ಗುಳ್ಳೆಗಳು ಚೆನ್ನಾಗಿ ಹುಟ್ಟುವುದು 50ರ ಮೇಲಿನ ಬಿಸಿಯಲ್ಲಿ, ಹಾಗಾಗಿ ಇಂಥ ಟ್ಯಾಂಕುಗಳ ಹೀಟರು ಅಲ್ಲಿಗೂ ಹೋಗುತ್ತದೆ, ಇನ್ನೂ ಮೇಲಕ್ಕೂ ಹೋಗುತ್ತದೆ. ಲೋಹಕ್ಕೆ ಅದು ಸರಿ. ನಮಗೆ 30ರಿಂದ 35 ಸಾಕು, 40 ಅಂದರೆ ಗೆರೆ. ಯಂತ್ರದ ಮುಖದ ಮೇಲಿನ ಅಂಕಿಯನ್ನು ನಂಬಬೇಡಿ. ಬೇರೆ ಥರ್ಮಾಮೀಟರ್ ನೀರಿನಲ್ಲಿ ಇರಲಿ. ನಾನು ಈಗ ಹೀಟರನ್ನೇ ಹಾಕುವುದಿಲ್ಲ. ಮೊದಲ ಎರಡು ಸಲ ತೊಳೆಯುವಷ್ಟರಲ್ಲೇ ನೀರು ತಾನಾಗಿ ಹದಕ್ಕೆ ಬರುತ್ತದೆ. 38 ಮುಟ್ಟಿದರೆ ಯಂತ್ರ ಆರಿಸಿ ಕಾಯುತ್ತೇನೆ.

ಇದಕ್ಕಿಂತ ದೊಡ್ಡ ಅಪಾಯ ಆಲ್ಕೋಹಾಲ್. ರೆಕಾರ್ಡ್ ತೊಳೆಯುವ ದ್ರಾವಣಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸುವ ಅಭ್ಯಾಸ ಹಳೆಯದು. ಕೈಯಲ್ಲಿ ಬ್ರಷ್ ಹಿಡಿದು ತೊಳೆಯುವಾಗಿನ ಮಾತು ಬೇರೆ, ಟ್ಯಾಂಕಿನ ಮಾತು ಬೇರೆ. ಶುದ್ಧ ಐಸೊಪ್ರೊಪೈಲ್‌ನ ಆವಿ 12 ಡಿಗ್ರಿಯಷ್ಟು ತಣ್ಣಗಿದ್ದಾಗಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಟ್ಯಾಂಕ್ ಅದನ್ನು ಬಿಸಿ ಮಾಡುತ್ತದೆ, ಸದ್ದು ಅದನ್ನು ಮಂಜಿನ ಹಾಗೆ ಎಬ್ಬಿಸುತ್ತದೆ, ಕೆಳಗೆ ವಿದ್ಯುತ್ ಇದೆ, ಮೇಲೆ ಮೋಟಾರಿದೆ. ಬೆಂಕಿಗೆ ಬೇಕಾದ್ದೆಲ್ಲ ಒಂದೇ ಕಡೆ ಸೇರಿದ ಹಾಗೆ. ಟ್ಯಾಂಕ್ ತಯಾರಿಸುವವರು ಹೊತ್ತಿಕೊಳ್ಳುವ ದ್ರವ ಹಾಕಬೇಡಿ ಅಂತ ಬರೆದಿರುತ್ತಾರೆ. ದಯವಿಟ್ಟು ಆ ಮಾತು ಕೇಳಿ. ನೀರಿನ ಮೇಲ್ಮೈಯ ಬಿಗಿತ ಇಳಿಸುವುದಷ್ಟೇ ಉದ್ದೇಶವಾದರೆ ಅದಕ್ಕೆ ಆಲ್ಕೋಹಾಲ್ ಬೇಕಾಗಿಯೇ ಇಲ್ಲ.

ಆ ಬಿಗಿತ ಇಳಿಸಲೇಬೇಕು ಅನ್ನುವುದು ನಿಜ. ಬರೀ ನೀರು ರೆಕಾರ್ಡಿನ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ, ಓಣಿಯೊಳಗೆ ಇಳಿಯುವುದಕ್ಕೆ ಹಿಂಜರಿಯುತ್ತದೆ. ಒಂದು ಚೂರು ಸರ್ಫ್ಯಾಕ್ಟೆಂಟ್, ಅಂದರೆ ಆ ಬಿಗಿತ ಇಳಿಸುವ ಸೋಪಿನಂಥ ವಸ್ತು, ಹಾಕಿದರೆ ಹರಡಿಕೊಳ್ಳುತ್ತದೆ. ಟರ್ಜಿಟಾಲ್ ಅನ್ನುವ ಬಗೆ ಇದಕ್ಕೆ ಹೆಸರುವಾಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ತನ್ನ ರೆಕಾರ್ಡುಗಳಿಗೆ ಡಿಅಯಾನೈಸ್ಡ್ (ಲವಣ ತೆಗೆದ) ನೀರು ಮತ್ತು ಟರ್ಜಿಟಾಲ್ ಬೆರೆಸಿದ ದ್ರಾವಣ ಬಳಸಿದೆ. 6 ಲೀಟರಿಗೆ ಒಂದೆರಡು ಮಿಲಿಲೀಟರ್ ಸಾಕು. ಜಾಸ್ತಿ ಹಾಕಿದರೆ ನೊರೆ, ಆಮೇಲೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಅದರಲ್ಲಿ ಸುವಾಸನೆ, ಬಣ್ಣ, ಉಪ್ಪು ಎಲ್ಲ ಇರುತ್ತದೆ, ಎಲ್ಲವೂ ಗ್ರೂವ್‌ನಲ್ಲಿ ಉಳಿಯುತ್ತದೆ. ನಲ್ಲಿ ನೀರೂ ಬೇಡ. ಆರಿದ ಮೇಲೆ ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಬೀಳುತ್ತದಲ್ಲ, ಅದೇ ಸುಣ್ಣದ ಅಂಶ ರೆಕಾರ್ಡಿನ ಮೇಲೂ ಕೂರುತ್ತದೆ.

ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿಬಿಡುತ್ತೇನೆ. ನೀರಿಲ್ಲದೆ ಟ್ಯಾಂಕನ್ನು ಒಂದು ಕ್ಷಣವೂ ಓಡಿಸಬೇಡಿ, ಬಿಲ್ಲೆಗಳು ಹಾಳಾಗುತ್ತವೆ. ಓಡುತ್ತಿರುವಾಗ ನೀರಿಗೆ ಬೆರಳು ಹಾಕಬೇಡಿ, ಫಾಯಿಲಿಗೆ ಆದದ್ದನ್ನು ನೆನಪಿಟ್ಟುಕೊಳ್ಳಿ. ಅರ್ಥಿಂಗ್ ಸರಿಯಿರುವ ಪ್ಲಗ್ಗಿಗೇ ಹಾಕಿ. ವಿದ್ಯುತ್ ಸೋರಿದರೆ ತಾನಾಗಿ ಕಡಿತವಾಗುವ ಸ್ವಿಚ್ ಆ ಸಾಲಿನಲ್ಲಿ ಇರಲಿ. ವಯರು ಸಾಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಜೋತು ಬಿದ್ದಿರಲಿ, ಆಗ ಹರಿದು ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ನೀರು ತುಂಬುವಾಗ, ಖಾಲಿ ಮಾಡುವಾಗ ಪ್ಲಗ್ ಕಿತ್ತಿಡಿ. ಕೊಳ್ಳುವಾಗಲೇ ಕೆಳಗೆ ನಲ್ಲಿ ಇರುವ ಟ್ಯಾಂಕ್ ನೋಡಿ. 6 ಲೀಟರ್ ನೀರಿನ ಟ್ಯಾಂಕನ್ನು ಎತ್ತಿ ಬಗ್ಗಿಸುವಾಗ ನೀರು ಯಂತ್ರದ ಹೊಟ್ಟೆಗೆ ನುಗ್ಗುವುದು ತುಂಬಾ ಸುಲಭ.

ಕಿವಿಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. 40 ಕಿಲೋಹರ್ಟ್ಸ್ ಕೇಳಿಸುವುದಿಲ್ಲ ನಿಜ. ಆದರೆ ಟ್ಯಾಂಕಿನಿಂದ ಬರುವುದು ಅದೊಂದೇ ಅಲ್ಲ. ಗುಳ್ಳೆಗಳ ಸಿಡಿತದಿಂದ ಕೀರಲು ಸದ್ದು, ಹಿಸ್ ಅನ್ನುವ ಸದ್ದು ಎಲ್ಲ ಬರುತ್ತದೆ. ಮುಚ್ಚಳ ಹಾಕಿದರೆ ತಗ್ಗುತ್ತದೆ. ನಮ್ಮ ಕೆಲಸದಲ್ಲಿ ರೆಕಾರ್ಡ್ ಮೇಲೆ ಚಾಚಿಕೊಂಡಿರುವುದರಿಂದ ಮುಚ್ಚಳ ಹಾಕಲಾಗದು. ಸಂಗೀತ ಕೇಳುವ ಕಿವಿಯನ್ನೇ ಅದಕ್ಕೆ ಒಡ್ಡುವುದು ಯಾಕೆ? ಟೈಮರ್ ಹಾಕಿ ಪಕ್ಕದ ಕೋಣೆಗೆ ಹೋಗಿ. ಅಲ್ಲೇ ಇರಬೇಕಾದರೆ ಕಿವಿಗೆ ರಕ್ಷಣೆ ಹಾಕಿಕೊಳ್ಳಿ.

ಎಲ್ಲ ತಟ್ಟೆಯೂ ಟ್ಯಾಂಕಿಗೆ ಇಳಿಯುವಂಥದ್ದಲ್ಲ. 78 ಸುತ್ತಿನ ಹಳೆಯ ತಟ್ಟೆಗಳು ಅರಗಿನವು. ಆಲ್ಕೋಹಾಲ್ ತಾಗಿದರೆ ಅವು ಕರಗುತ್ತವೆ. ಕೆಲವಕ್ಕೆ ನಡುವೆ ಬೇರೆ ಪದರ ಇರುತ್ತದೆ, ಬಿರುಕಿನಿಂದ ನೀರು ಇಳಿದರೆ ಉಬ್ಬುತ್ತದೆ. ಲೋಹದ ತಟ್ಟೆಯ ಮೇಲೆ ಲ್ಯಾಕರ್ ಎಂಬ ವಾರ್ನಿಷ್‌ನಂಥ ಪದರ ಬಳಿದು ನೇರವಾಗಿ ಧ್ವನಿ ಕೊರೆದ ಒಂದೊಂದೇ ಪ್ರತಿಯ ತಟ್ಟೆಗಳನ್ನಂತೂ ಹತ್ತಿರವೂ ತರಬೇಡಿ. ಪದರ ಒಮ್ಮೆ ಎದ್ದರೆ ಧ್ವನಿಯೂ ಹೋದ ಹಾಗೆ.

ನಾನು ಈಗ ಮಾಡುವ ಕ್ರಮ ಹೀಗಿದೆ. ಮೊದಲು ಟ್ಯಾಂಕಿನ ಹೊರಗೇ ಒಂದು ಕೈತೊಳೆತ. ಮೆದು ಬ್ರಷ್, ಸ್ವಲ್ಪ ದ್ರಾವಣ, ಆಮೇಲೆ ನೀರು. ಮೇಲಿನ ಧೂಳು ಮತ್ತು ಜಿಡ್ಡು ಇಲ್ಲೇ ಹೋದರೆ ಟ್ಯಾಂಕಿನ ನೀರು ಕೆಡುವುದು ತಡವಾಗುತ್ತದೆ. ಬೂಷ್ಟು ಹಿಡಿದದ್ದಾದರೆ ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ. ಹೊಸ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಗುಳ್ಳೆಗಳ ಏಟನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ರೆಕಾರ್ಡ್ ಇಲ್ಲದೆ ಖಾಲಿ ನೀರನ್ನು ಹತ್ತು ನಿಮಿಷ ಓಡಿಸುತ್ತೇನೆ. ಲೇಬಲ್‌ಗೆ ಎರಡೂ ಬದಿ ರಬ್ಬರ್ ಅಂಚಿನ ಬಿಲ್ಲೆ ಬಿಗಿಯುತ್ತೇನೆ. ಎಂಟು ನಿಮಿಷ ತೊಳೆತ. ತೆಗೆದ ತಕ್ಷಣ, ಒಣಗಲು ಬಿಡದೆ, ಬೇರೆ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಟ. ಆಮೇಲೆ ವ್ಯಾಕ್ಯೂಮ್ ಯಂತ್ರದಿಂದ ನೀರನ್ನು ಹೀರಿ ತೆಗೆಯುತ್ತೇನೆ.

ಈ ಕೊನೆಯ ಹೆಜ್ಜೆ ನನಗೆ ತುಂಬಾ ಇಷ್ಟ. ವ್ಯಾಕ್ಯೂಮ್‌ನಿಂದ ರೆಕಾರ್ಡ್ ತೊಳೆಯುವುದು ಹೊಸದೇನಲ್ಲ. ಕೀತ್ ಮಾಂಕ್ಸ್ ಯಂತ್ರಗಳು 1960ರ ದಶಕದ ಕೊನೆಗೇ ಬಂದಿದ್ದವು. ಅಲ್ಟ್ರಾಸಾನಿಕ್ ಬಂದ ಮೇಲೆ ಹೀರುವ ಯಂತ್ರದ ಕಾಲ ಮುಗಿಯಿತು ಅಂತ ಕೆಲವರು ಅದನ್ನು ಮಾರಿಬಿಟ್ಟರು. ನನ್ನ ಮನಸ್ಸಿಗೆ ಅವೆರಡೂ ಒಂದೇ ಕೆಲಸದ ಎರಡು ಕೈಗಳು. ಒಂದು ಬಿಡಿಸುತ್ತದೆ, ಇನ್ನೊಂದು ಒಯ್ಯುತ್ತದೆ. ಹೀರುವ ಯಂತ್ರ ಇಲ್ಲದವರು ಜಾಲಾಟವನ್ನು ಎರಡು ಸಲ ಮಾಡಿ, ನೀರು ಇಳಿಯುವ ಹಾಗೆ ನೇರವಾಗಿ ನಿಲ್ಲಿಸಿ, ಧೂಳಿಲ್ಲದ ಕಡೆ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಹೊಸ ಒಳಕವರಿಗೆ ಹಾಕಿ. ಹಳೆಯ ಕಾಗದದ ಕವರಿಗೇ ತಿರುಗಿ ಹಾಕಿದರೆ ಅದರ ಧೂಳು ಮತ್ತೆ ಅಂಟಿಕೊಳ್ಳುತ್ತದೆ.

ಟ್ಯಾಂಕಿನ ನೀರನ್ನು ಯಾವಾಗ ಬದಲಾಯಿಸಬೇಕು? ಎಷ್ಟು ರೆಕಾರ್ಡಿಗೆ ಒಮ್ಮೆ ಅಂತ ಲೆಕ್ಕ ಹೇಳುವುದು ಕಷ್ಟ. ರೆಕಾರ್ಡ್ ಎಷ್ಟು ಕೊಳೆಯಾಗಿತ್ತು ಅನ್ನುವುದರ ಮೇಲೆ ಹೋಗುತ್ತದೆ. ನಾನು ಯಂತ್ರ ಆರಿಸಿ, ಕೋಣೆಯ ದೀಪ ಆರಿಸಿ, ಟಾರ್ಚನ್ನು ನೀರಿನೊಳಗೆ ಓರೆಯಾಗಿ ಬಿಡುತ್ತೇನೆ. ಶುಚಿಯಾದ ನೀರಿನಲ್ಲಿ ಬೆಳಕಿನ ದಾರಿ ಕಾಣುವುದಿಲ್ಲ. ಕಣಗಳಿದ್ದರೆ ಬೆಳಕು ಮಂಜಿನಲ್ಲಿ ಬಂದ ವಾಹನದ ದೀಪದ ಹಾಗೆ ಗೆರೆಯಾಗಿ ಕಾಣುತ್ತದೆ. ಗೆರೆ ಕಂಡರೆ ನೀರು ಚೆಲ್ಲುತ್ತೇನೆ. ಸಣ್ಣ ಪಂಪು, ಒಂದು ಮೈಕ್ರಾನಿನ ಅಥವಾ ಅದಕ್ಕಿಂತ ಸೂಕ್ಷ್ಮವಾದ ಫಿಲ್ಟರ್ ಜೋಡಿಸಿಕೊಂಡರೆ ಅದೇ ನೀರು ಹೆಚ್ಚು ದಿನ ಬರುತ್ತದೆ. ನಾನು ಜೋಡಿಸಿದ್ದು ಒಂದು ವರ್ಷದ ಮೇಲೆ. ಮೊದಲೇ ಮಾಡಬೇಕಿತ್ತು.

ಆ ಪಿಯಾನೋ ರೆಕಾರ್ಡನ್ನು ಹೀಗೆ ಇನ್ನೊಂದು ಸಲ ತೊಳೆದೆ. ಸೂಜಿ ಇಟ್ಟು ಕೂತೆ. ಒಣ ಎಲೆ ತುಳಿಯುತ್ತಿದ್ದವರು ಹೊರಟುಹೋಗಿದ್ದರು. ಮೆಲ್ಲಗಿನ ಕಡೆ ಈಗ ಒಂದು ಸ್ವರ ನಿಂತ ಮೇಲೂ ಅದರ ಗುಂಗು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಕೇಳಿಸುತ್ತದೆ. ಪೆಡಲ್ ಬಿಡುವ ಸದ್ದು ಕೇಳಿಸುತ್ತದೆ. ಮುಂಚೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಬದಿ ಮುಗಿದ ಮೇಲೆ ಭೂತಗನ್ನಡಿ ಹಿಡಿದು ಸೂಜಿ ನೋಡಿದೆ. ತುದಿ ಬರಿದಾಗಿತ್ತು.

ಎರಡನೇ ಬದಿಯಲ್ಲಿ ಒಂದು ಗೀರಿದೆ. ಬೆರಳಿಗೆ ತಾಗುತ್ತದೆ. ಎರಡನೇ ತುಣುಕಿನ ನಡುವೆ ಟಿಕ್, ಟಿಕ್ ಅಂತ ಎಂಟು ಸಲ ಬರುತ್ತದೆ, ಸುತ್ತಿಗೊಂದರಂತೆ, ಸರಿಯಾಗಿ 1.8 ಸೆಕೆಂಡಿಗೊಮ್ಮೆ. ಅದು ಕೊಳೆಯಲ್ಲ. ಗೋಡೆಯೇ ಹರಿದು ಹೋಗಿದೆ, ನೀರು ಅಲ್ಲಿ ಏನು ಮಾಡುತ್ತದೆ. ಆದರೂ ಮೂರು ಸಲ ತೊಳೆದು ನೋಡಿದೆ. ಮೂರನೇ ಸಲವೂ ಎಂಟೇ. ಈಗ ತೊಳೆಯುವುದನ್ನು ನಿಲ್ಲಿಸಿದ್ದೇನೆ. ಆ ತುಣುಕು ಬಂದಾಗ ಎಂಟನ್ನೂ ಎಣಿಸುತ್ತೇನೆ, ಒಂಬತ್ತನೇ ಸುತ್ತಿನಿಂದ ಪಿಯಾನೋ ಒಂದೇ ಕೇಳಿಸುತ್ತದೆ.